ವೀಲ್ ಅಲೈನ್‌ಮೆಂಟ್: ‘ಸಮರೇಖೀಕರಣ’ ಏಕೆ ಸಲ್ಲದು?

ಮಾನ್ಯರೇ,

ಉಡುಪಿಯ ಗ್ಯಾರೇಜೊಂದರ ಫಲಕಕ್ಕೂ ಅಲ್ಲಿ ಕೆಲಸ ಕಲಿಯುತ್ತಿರುವ ಹುಡುಗರ ಕೈಪಿಡಿಗೂ ‘ವೀಲ್ ಅಲೈನ್‌ಮೆಂಟ್’ ಎಂಬುದರ ಕನ್ನಡ ರೂಪ ಈ ವಾರವೇ ಬೇಕೆಂದು ಕೇಳಿದ್ದೀರಿ. ಇದುವರೆಗೆ ಇತರರಿಂದ ಬಂದಿರುವ ಸಲಹೆಗಳಾದ ‘ಚಕ್ರಜೋಡಣೆ’, ‘ಚಕ್ರ ಸಮರೇಖೀಕರಣ’ ಎರಡೂ ಸಲ್ಲವು. ಜೋಡಣೆಯೆಂದರೆ ಬಿಚ್ಚಿದ್ದನ್ನು ಮರಳಿ ಕೂರಿಸುವುದು. ಪಂಕ್ಚರ್ ತೆಗೆಯುವವರೂ ಅದನ್ನೇ ಮಾಡುತ್ತಾರೆ. ಎರಡನೆಯದಂತೂ ಕೆಲಸವನ್ನೇ ತಪ್ಪಾಗಿ ಹೇಳುತ್ತದೆ.

ಮುಂದಿನ ಎರಡು ಗಾಲಿಗಳನ್ನು ಒಂದಕ್ಕೊಂದು ಸಮಾನಾಂತರವಾಗಿ, ನೆಲಕ್ಕೆ ನೆಟ್ಟಗೆ ನಿಲ್ಲಿಸುವುದು ಈ ಕೆಲಸದ ಗುರಿಯಲ್ಲ. ಆಯಾ ಕಾರಿಗೆ ತಯಾರಕರು ಗೊತ್ತುಪಡಿಸಿದ ಓರೆಗೆ ಅವನ್ನು ತರುವುದು ಗುರಿ. ಹಿಂದಿನ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ ಗಾಡಿಗಳಲ್ಲಿ, ಓಡುವಾಗ ನೆಲದ ತಡೆಗೆ ಮುಂಗಾಲಿಗಳು ಹೊರಕ್ಕೆ ಬಿಚ್ಚಿಕೊಳ್ಳಲು ನೋಡುವುದರಿಂದ, ನಿಂತಿರುವಾಗ ಅವುಗಳ ಮುಂಭಾಗ ತುಸು ಒಳಕ್ಕೆ ತಿರುಗಿರುವಂತೆ ಇಡುವುದು ವಾಡಿಕೆ. ಮುಂಗಾಲಿಗಳಿಗೇ ಬಲ ಹೋಗುವ ಕಾರುಗಳಲ್ಲಿ ಈ ಓರೆ ಹೆಚ್ಚಾಗಿ ಸೊನ್ನೆಗೆ ಹತ್ತಿರವಿರುತ್ತದೆ, ಕೆಲವದರಲ್ಲಿ ಹೊರಕ್ಕೂ ಇರುತ್ತದೆ. ಹೀಗೆ ಬೇಕೆಂದೇ ಇಟ್ಟ ಓರೆಯನ್ನು ‘ಸಮರೇಖೆ’ ಎಂದು ಕಲಿತ ಹುಡುಗ ಎಲ್ಲ ಕಾರುಗಳನ್ನೂ ಸೊನ್ನೆಗೆ ತಂದು ಕೂರಿಸಿಯಾನು. ಇಂಗ್ಲಿಷ್ ಪದದ ಒಡಲಲ್ಲಿ ಲ್ಯಾಟಿನ್ನಿನ ‘ಲಿನೆಯ’, ಎಂದರೆ ಗೆರೆ ಇದೆಯೆಂಬುದು ನಿಜ. ಅದಕ್ಕೆಂದು ಗೆರೆಯನ್ನು ಕನ್ನಡಕ್ಕೂ ಹೊತ್ತು ತರಬೇಕಾಗಿಲ್ಲ.

ನನ್ನ ಸಲಹೆ ‘ಗಾಲಿಯ ಓರೆ ಹೊಂದಿಕೆ’. ‘ಚಕ್ರ’ವೇ ಶುದ್ಧವೆಂದು ವಾದಿಸಿದವರು ಗಮನಿಸಬೇಕು: ಸಂಸ್ಕೃತದ ‘ಚಕ್ರ’ವೂ ಇಂಗ್ಲಿಷಿನ ‘ವೀಲ್’ ಕೂಡ ಒಂದೇ ಮೂಲದಿಂದ ಹೊರಟ ಪದಗಳು. ಪರಭಾಷೆಯದು ಬೇಡವೆನ್ನುವವರು ಒಂದನ್ನು ತಳ್ಳಿ, ಅದರ ಒಡಹುಟ್ಟನ್ನು ಮನೆಯೊಳಗೆ ಕರೆದಂತಾಗುತ್ತದೆ. ‘ಗಾಲಿ’ ನಮ್ಮ ಎತ್ತಿನಗಾಡಿಯ ಪದ. ಹಳೆಯ ತಮಿಳಿನಲ್ಲಿ ‘ಕಾಲ್’ ಎಂಬುದಕ್ಕೂ ಗಾಲಿಯೆಂಬ ಅರ್ಥವುಂಟು.

ಒಳಗಿನ ಮೂರು ಅಳತೆಗಳಿಗೂ ಪದ ಬೇಕಾಗುತ್ತದೆ. ಗಾಲಿಯ ಅಚ್ಚಿನ (ಆಕ್ಸಲ್) ಎತ್ತರದಲ್ಲಿ ಎರಡು ರಿಮ್ಮುಗಳ ನಡುವಿನ ದೂರವನ್ನು ಮುಂದೊಮ್ಮೆ ಹಿಂದೊಮ್ಮೆ ಅಳೆದಾಗ, ಮುಂದಿನದು 2 ಮಿಲಿಮೀಟರ್ ಕಡಿಮೆಯಿದ್ದರೆ ಅದು 2 ಮಿಲಿಮೀಟರ್ ಟೋ-ಇನ್. ಇದನ್ನು ‘ಒಳಮುಖ’ವೆನ್ನೋಣ, ಟೋ-ಔಟ್ ‘ಹೊರಮುಖ’ವಾಗಲಿ. ಇಲ್ಲಿನ ‘ಟೋ’ವನ್ನು ‘ಕಾಲ್ಬೆರಳು’ ಎಂದು ಅನುವಾದಿಸಿದವರ ಸಲಹೆ ಚರ್ಚೆಗೆ ಯೋಗ್ಯವಲ್ಲ. ಗಾಲಿಯ ತಲೆ ಹೊರಕ್ಕೋ ಒಳಕ್ಕೋ ಬಾಗಿರುವ ಕ್ಯಾಂಬರಿಗೆ ‘ವಾಲು’ ಸಾಕು. ರಸ್ತೆಯ ಇಳಿಜಾರಿಗೂ ಇಂಗ್ಲಿಷಿನವರು ಅದೇ ಪದ ಬಳಸುತ್ತಾರೆ. ನಮಗೂ ‘ರಸ್ತೆಯ ವಾಲು’ ಒಗ್ಗುತ್ತದೆ. ಇದು ಕೈಪಿಡಿಯಲ್ಲಿ ಬರಲೇಬೇಕು, ಏಕೆಂದರೆ ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳ ಎಡಬದಿ ತಗ್ಗಿರುವುದರಿಂದ, ಎಲ್ಲ ಸರಿಯಿದ್ದ ಕಾರೂ ತುಸು ಎಡಕ್ಕೆ ಸರಿಯಬಹುದು, ಗಿರಾಕಿ ಅದನ್ನೇ ದೋಷವೆಂದು ತಿಳಿಯಬಹುದು. ಸ್ಟಿಯರಿಂಗ್ ತಿರುಗಿಸಿದಾಗ ಮುಂಗಾಲಿ ಯಾವುದರ ಸುತ್ತ ತಿರುಗುತ್ತದೋ ಆ ತಿರುಗುಗೂಟ ಹಿಂದಕ್ಕೆ ಒರಗಿರುವ ಕ್ಯಾಸ್ಟರಿಗೆ ‘ಹಿನ್ನೊರಗು’ ಎಂದಿಡಬಹುದು. ತಿರುವು ಮುಗಿದ ಮೇಲೆ ಸ್ಟಿಯರಿಂಗು ತಾನಾಗಿ ನೇರಕ್ಕೆ ಮರಳುವುದಕ್ಕೆ ಮುಖ್ಯವಾಗಿ ಅದೇ ಕಾರಣ.

ಸ್ಟಿಯರಿಂಗಿನ ಚಲನೆಯನ್ನು ಗಾಲಿಗೆ ಮುಟ್ಟಿಸುವ ಸರಳಾದ ಟೈ ರಾಡಿಗೆ ‘ಬಂಧಕದಂಡ’ವೆಂದು ಬರೆದವರಿಗೆ ಒಂದೇ ಮಾತು: ಬೇಡ. ಟೋ ಹೊಂದಿಸಲು ಲಾಕ್ ನಟ್ ಸಡಿಲಿಸಿ ಟೈ ರಾಡನ್ನು ತಿರುಗಿಸುವ ಹುಡುಗನಿಗೆ, ಎರಡೂ ಬದಿಯಲ್ಲಿ ಸಮನಾಗಿ ತಿರುಗಿಸದಿದ್ದರೆ ಸ್ಟಿಯರಿಂಗು ಸೊಟ್ಟ ನಿಲ್ಲುತ್ತದೆ ಎಂಬುದು ತಿಳಿಯಬೇಕು. ಆ ಬಿಡಿಭಾಗವನ್ನು ಅವನು ಅಂಗಡಿಯಲ್ಲಿ ಕೇಳಿ ತರುವುದೂ ‘ಟೈ ರಾಡ್’ ಎಂಬ ಹೆಸರಿನಿಂದಲೇ. ವಸ್ತುವಿನೊಂದಿಗೆ ಬಂದ ಹೆಸರು ಇರಲಿ; ಕ್ರಿಯೆಗೂ ಗುಣಕ್ಕೂ ಕನ್ನಡವಿರಲಿ ಎಂಬುದು ನನ್ನ ನಿಲುವು. ಟೈರಿನ ಮೇಲೆ ಅಂಗೈ ಅಡ್ಡಲಾಗಿ ಎಳೆದಾಗ ಒಂದು ದಿಕ್ಕಿಗೆ ನುಣುಪು, ಮರುದಿಕ್ಕಿಗೆ ಗರಗಸದ ಹಲ್ಲಿನಂತೆ ತಡೆ ಸಿಕ್ಕಿದರೆ ಒಳಮುಖವೋ ಹೊರಮುಖವೋ ಮಿತಿಮೀರಿದೆಯೆಂದು ಅರ್ಥ. ಈ ಸವೆತಕ್ಕೆ ‘ಗರಗಸ ಸವೆತ’ ಎನ್ನಬಹುದು.

ಕೈಪಿಡಿಯ ಮೊದಲ ವಾಕ್ಯ ಹೀಗಿರಲಿ: “ಟೈರುಗಳ ಗಾಳಿಯನ್ನೂ ಬಾಲ್ ಜಾಯಿಂಟ್, ಬೇರಿಂಗುಗಳ ಅಲುಗಾಟವನ್ನೂ ಮೊದಲು ಪರೀಕ್ಷಿಸಿ, ಅನಂತರವೇ ಗಾಲಿಯ ಓರೆಯನ್ನು ಅಳೆಯಬೇಕು.” ಫಲಕದ ಮಾತು ಬೇರೆ. ಹೆದ್ದಾರಿ 66ರಲ್ಲಿ ಮಂಗಳೂರಿನ ಕಡೆಯಿಂದ ಬರುವ ಚಾಲಕರು ಒಂದೇ ನೋಟಕ್ಕೆ ಓದಬೇಕು. ಆದ್ದರಿಂದ ‘ವೀಲ್ ಅಲೈನ್‌ಮೆಂಟ್’ ಎಂದು ಕನ್ನಡ ಲಿಪಿಯಲ್ಲಿ ದಪ್ಪಗೆ ಬರೆಸಿ, ಅದರ ಕೆಳಗೆ ‘ಗಾಲಿಯ ಓರೆ ಹೊಂದಿಕೆ’ ಎಂದು ಸೇರಿಸಿ. ಬ್ಯಾಲೆನ್ಸಿಂಗ್ ಕೂಡ ಮಾಡುವುದಾದರೆ ಅದಕ್ಕೆ ಬೇರೆ ಸಾಲು ಬೇಕು. ಅದು ರಿಮ್ಮಿಗೆ ತೂಕದ ತುಂಡು ಅಂಟಿಸಿ ನಡುಕ ತಪ್ಪಿಸುವ ಕೆಲಸವಾದ್ದರಿಂದ ‘ಗಾಲಿಯ ತೂಕ ಹೊಂದಿಕೆ’ ಎಂದು ಬರೆಸಬಹುದು.