ರಾಕ್ ಮೆಷಿನ್‌ನ 1988ರ ಕ್ಯಾಸೆಟ್ ಸಿಕ್ಕಿದೆ: ಇಂಡಸ್ ಕ್ರೀಡ್ ತಂಡವನ್ನು ಎಲ್ಲಿಂದ ಕೇಳಬೇಕು?

ಮಾಟುಂಗದ ಕೇಳುಗ

ಎಲ್ಲರಿಗೂ ನಮಸ್ಕಾರ. ಮಾಟುಂಗದ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡುವಾಗ, ತೀರಿಹೋದ ನನ್ನ ಅಣ್ಣನ ಕ್ಯಾಸೆಟ್‌ಗಳಿದ್ದ ಟ್ರಂಕು ಅಟ್ಟದ ಮೇಲೆ ಸಿಕ್ಕಿತು. ಭೀಮಸೇನ ಜೋಶಿಯವರ ಅಭಂಗಗಳು, ಒಂದಿಷ್ಟು ತಾಳಮದ್ದಳೆ, ಅವುಗಳ ನಡುವೆ ಮುಂಬಯಿಯ ರಾಕ್ ಮೆಷಿನ್ ತಂಡದ ‘ರಾಕ್ ಎನ್ ರೋಲ್ ರೆನೆಗೇಡ್’. ಅದರ ಮುಖಪುಟದ ಕಾಗದ ಮಡಿಕೆಯಲ್ಲೇ ಹರಿದಿದೆ. ಅಣ್ಣ ಅದನ್ನು ಎಷ್ಟು ಸಲ ತೆಗೆದು ಓದಿರಬಹುದೆಂದು ಅದನ್ನು ನೋಡಿದರೇ ತಿಳಿಯುತ್ತದೆ. ಇದೇ ತಂಡ ಮುಂದೆ ಇಂಡಸ್ ಕ್ರೀಡ್ ಆಯಿತೆಂದು ಕೇಳಿದ್ದೇನೆ. ಹಾಗಾದರೆ ಇವೆರಡೂ ನಿಜಕ್ಕೂ ಒಂದೇ ತಂಡವೇ? ಯಾವ ಆಲ್ಬಮ್‌ನಿಂದ ಕೇಳಲು ಆರಂಭಿಸಬೇಕು? ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿರುವುದರಿಂದ ಅದನ್ನು ನುಡಿಸಲು ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ರಂಗಭವನದ ಹಳೆಯ ಪ್ರೇಕ್ಷಕ

ನಿಮ್ಮ ಅಣ್ಣ ಅದನ್ನು ಜೋಪಾನವಾಗಿ ಇಟ್ಟಿದ್ದರೆಂದು ಓದಿ ಸಂತೋಷವಾಯಿತು. ತಂಡ ಒಂದೇ, ಆದರೆ ಹೆಸರು ಬದಲಾದದ್ದು ಸಣ್ಣ ಸಂಗತಿಯೆಂದು ನಾನು ತಿಳಿದಿಲ್ಲ. ರಾಕ್ ಮೆಷಿನ್ ಮುಂಬಯಿಯಲ್ಲಿ 1984ರಲ್ಲಿ ಹುಟ್ಟಿತು. ಆ ಕಾಲದಲ್ಲಿ ಕಾಲೇಜು ಉತ್ಸವಗಳಲ್ಲಾಗಲಿ, ಧೋಬಿ ತಲಾವಿನ ರಂಗಭವನದಲ್ಲಾಗಲಿ ವೇದಿಕೆ ಹತ್ತಿದ ತಂಡ ಪರದೇಶದ ಪ್ರಸಿದ್ಧ ಹಾಡುಗಳನ್ನು ಯಥಾವತ್ತಾಗಿ ಹಾಡಬೇಕೆಂದು ಜನ ಬಯಸುತ್ತಿದ್ದರು. ಸ್ವಂತ ಹಾಡು ಆರಂಭವಾದರೆ ಹಿಂದಿನ ಸಾಲುಗಳಿಂದ ಕೂಗು ಏಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಅಂಥ ಕಾಲದಲ್ಲಿ, 1988ರಲ್ಲಿ, ಇವರು ತಮ್ಮದೇ ರಚನೆಗಳ ಆಲ್ಬಮ್ ತಂದರು. ನಿಮ್ಮ ಕೈಯಲ್ಲಿರುವುದು ಅದೇ.

ಎರಡನೆಯ ಆಲ್ಬಮ್ ‘ದ ಸೆಕೆಂಡ್ ಕಮಿಂಗ್’ 1990ರಲ್ಲಿ ಬಂತು. 1993ರಲ್ಲಿ ತಂಡ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡು, 1995ರಲ್ಲಿ ಅದೇ ಹೆಸರಿನ ಆಲ್ಬಮ್ ಹೊರತಂದಿತು. ಮೊದಲಿನ ಹೆಸರು ಜಗತ್ತಿನ ಯಾವ ಊರಿನ ತಂಡಕ್ಕೂ ಹೊಂದುತ್ತಿತ್ತು. ಎರಡನೆಯದರಲ್ಲಿ ಸಿಂಧೂ ನದಿಯಿದೆ. ತಾವು ಎಲ್ಲಿಯವರು ಎಂಬುದನ್ನು ಹೆಸರಿನಲ್ಲೇ ಹೇಳುವ ಧೈರ್ಯ ಅವರಿಗೆ ಒಂಬತ್ತು ವರ್ಷಗಳ ಅನಂತರ ಬಂತೆಂದು ನಾನು ಓದಿಕೊಳ್ಳುತ್ತೇನೆ. 1997ರಲ್ಲಿ ತಂಡ ಚದುರಿತು. ಗಾಯಕ ಉದಯ್ ಬೆನೆಗಲ್ ಮತ್ತು ಗಿಟಾರ್ ವಾದಕ ಜಯೇಶ್ ಗಾಂಧಿ ನ್ಯೂಯಾರ್ಕಿಗೆ ಹೋಗಿ ಆಮ್ಸ್ ಫಾರ್ ಶಾಂತಿ ಎಂಬ ತಂಡ ಕಟ್ಟಿದರು. 2010ರಲ್ಲಿ ಇಂಡಸ್ ಕ್ರೀಡ್ ಮತ್ತೆ ಸೇರಿದಾಗ ಹಳಬರಲ್ಲಿ ಬೆನೆಗಲ್, ಗಿಟಾರಿನ ಮಹೇಶ್ ತಿನೈಕರ್ ಮತ್ತು ಕೀಬೋರ್ಡಿನ ಝುಬಿನ್ ಬಾಲಾಪೋರಿಯಾ ಇದ್ದರು. ಬೇಸ್ ಗಿಟಾರಿಗೆ ರುಶಾದ್ ಮಿಸ್ತ್ರಿ, ಡ್ರಮ್ಸ್‌ಗೆ ಜೈ ರಾವ್ ಕವಿ ಹೊಸದಾಗಿ ಬಂದರು. ಈ ಐವರ ‘ಇವಾಲ್ವ್’ 2012ರಲ್ಲಿ ಪ್ರಕಟವಾಯಿತು.

ಬಿಡುಗಡೆಯಾದ ಕ್ರಮದಲ್ಲೇ ಕೇಳಿರಿ. ಇಷ್ಟು ವರ್ಷಗಳಿಗೆ ನಾಲ್ಕೇ ಆಲ್ಬಮ್‌ಗಳಿರುವುದರಿಂದ ಅದು ಕಷ್ಟವಲ್ಲ.

ಡೊಂಬಿವಲಿಯ ಟೇಪ್ ಡೆಕ್

ಇತಿಹಾಸವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಕ್ಯಾಸೆಟ್ಟಿನ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಅದನ್ನು ಈಗಲೇ ನುಡಿಸಬೇಡಿ. ಮುಂಬಯಿಯ ಮಳೆಗಾಲದ ತೇವದಿಂದ ಬರುವ ಆ ಬೂಷ್ಟು ಡೆಕ್ಕಿನ ಹೆಡ್ಡಿಗೆ, ಅಂದರೆ ಟೇಪಿನಿಂದ ಧ್ವನಿಯನ್ನು ಓದುವ ಭಾಗಕ್ಕೆ, ಅಂಟಿ, ಅಲ್ಲಿಂದ ನಿಮ್ಮ ಬೇರೆ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಕವಚದ ಐದು ಸ್ಕ್ರೂಗಳನ್ನು ಬಿಚ್ಚಿ, ಸುರುಳಿಗಳು ಜಾರದಂತೆ ಹಿಡಿದು, ಒಣ ಮೃದು ಬಟ್ಟೆಯಿಂದ ಅಂಚನ್ನು ಒರೆಸಿರಿ. ಸ್ಕ್ರೂ ಇಲ್ಲದ ಅಂಟಿಸಿದ ಕವಚವಾದರೆ ಅದನ್ನು ಒಡೆದು, ಸುರುಳಿಗಳನ್ನು ಸ್ಕ್ರೂ ಇರುವ ಬೇರೊಂದು ಕವಚಕ್ಕೆ ವರ್ಗಾಯಿಸಬೇಕಾಗುತ್ತದೆ. ಹೆಡ್ಡಿಗೆ ಟೇಪನ್ನು ಒತ್ತುವ ಪುಟ್ಟ ಫೆಲ್ಟ್ ತುಣುಕಿನ ಕಡೆ ವಿಶೇಷ ಗಮನವಿರಲಿ. ಮೂವತ್ತು ವರ್ಷಗಳಲ್ಲಿ ಅದರ ಗೋಂದು ಒಣಗಿ ತುಣುಕು ಉದುರಿರುತ್ತದೆ, ಆಗ ಧ್ವನಿ ಕಂಬಳಿಯೊಳಗಿಂದ ಬಂದಂತೆ ಮಂಕಾಗುತ್ತದೆ, ಹಾಡು ಹಾಳಾಗಿದೆಯೆಂದು ಜನ ಕ್ಯಾಸೆಟ್ಟನ್ನೇ ಎಸೆದುಬಿಡುತ್ತಾರೆ.

ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಅಂದರೆ ಒಂದು ಬದಿಗೆ ಅರ್ಧ ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪು ಇರುತ್ತದೆ. ಇಷ್ಟು ವರ್ಷ ಅಲುಗಾಡದೆ ಬಿಗಿದು ಕುಳಿತಿರುವ ಅದನ್ನು ಮೊದಲು ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿದ ಮೇಲೆಯೇ ನುಡಿಸಬೇಕು. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಡ್ರಮ್ಸ್‌ನ ಜೊತೆಗಿರುವ ಸಿಂಬಲ್‌ ಎಂಬ ಲೋಹದ ತಟ್ಟೆಗಳ ಸದ್ದು ಅತ್ಯಂತ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿರಿ. ಕಂಪ್ಯೂಟರಿನಲ್ಲಿ 24 ಬಿಟ್ ವೇವ್ ಕಡತವಾಗಿ ಮುದ್ರಿಸಿಕೊಳ್ಳಿ, ಮೊದಲ ಪ್ರತಿಯಿಂದ ಯಾವ ಸರಸರ ಸದ್ದನ್ನೂ ಅಳಿಸಬೇಡಿ.

ಠಾಣೆಯ ಗಿಟಾರು

ಕೇಳುವ ಕ್ರಮದ ಬಗ್ಗೆ ನನಗೆ ಬೇರೆ ಅಭಿಪ್ರಾಯವಿದೆ. ‘ಇವಾಲ್ವ್’ನಿಂದ ಆರಂಭಿಸಿರಿ. ಅದರ ಮಿಕ್ಸಿಂಗ್, ಅಂದರೆ ಬೇರೆಬೇರೆಯಾಗಿ ಮುದ್ರಿಸಿದ ವಾದ್ಯ ಮತ್ತು ಕಂಠಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡಿದ ಟಿಮ್ ಪಾಮರ್, ಅಮೆರಿಕದ ಪರ್ಲ್ ಜ್ಯಾಮ್ ತಂಡದ ಮೊದಲ ಆಲ್ಬಮ್ಮಿಗೂ ಅದೇ ಕೆಲಸ ಮಾಡಿದವರು. ಅಲ್ಲಿ ಒಂದೊಂದು ವಾದ್ಯಕ್ಕೂ ಉಸಿರಾಡಲು ಜಾಗವಿದೆ. ಬೆನೆಗಲ್ ಅವರ ಮಾಗಿದ ಕಂಠವನ್ನು ಅಲ್ಲಿ ಕೇಳಿ ಹಿಂದಕ್ಕೆ ಬಂದರೆ, 1988ರ ಹರೆಯದ ಕಂಠ ಏನನ್ನು ಹುಡುಕುತ್ತಿತ್ತೆಂಬುದು ತಾನಾಗಿ ಅರ್ಥವಾಗುತ್ತದೆ.

ರಂಗಭವನದ ಹಳೆಯ ಪ್ರೇಕ್ಷಕ

ಠಾಣೆಯವರೇ, ನಿಮ್ಮ ಮಾತನ್ನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಅಷ್ಟು ಶುಭ್ರವಾದ ಧ್ವನಿಗೆ ಕಿವಿ ಒಗ್ಗಿದ ಮೇಲೆ ಮೊದಲ ಆಲ್ಬಮ್ಮಿನ ಒರಟುತನ ಮಾತ್ರ ಕೇಳಿಸುತ್ತದೆ, ಅದರ ಹಿಂದಿನ ಛಲ ಕೇಳಿಸುವುದಿಲ್ಲ.

ಮಾಟುಂಗದ ಕೇಳುಗ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಫೆಲ್ಟ್ ತುಣುಕು ನಿಜಕ್ಕೂ ಉದುರಿ ಕವಚದೊಳಗೇ ಬಿದ್ದಿತ್ತು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಖರೀದಿಸಿದ ಖಾಲಿ ಕ್ಯಾಸೆಟ್ಟಿನದನ್ನು ತೆಗೆದು ಹಾಕಿದೆ. ನಿನ್ನೆ ರಾತ್ರಿ ಮೊದಲ ಬದಿಯನ್ನು ಪೂರ್ತಿ ಕೇಳಿದೆ. ಅಣ್ಣ ಸ್ನಾನ ಮಾಡುವಾಗ ಗುನುಗುತ್ತಿದ್ದ ರಾಗವೊಂದು ಇದ್ದಕ್ಕಿದ್ದಂತೆ ಗಿಟಾರಿನಲ್ಲಿ ಬಂದಾಗ ಅದು ಈ ತಂಡದ್ದೆಂದು ಮೊದಲ ಬಾರಿಗೆ ತಿಳಿಯಿತು. ಎರಡನೆಯ ಬದಿಯ ಕೊನೆಗೆ ಮಾತ್ರ ಸ್ವರ ತೂಗಾಡುತ್ತದೆ. ಇದು ಟೇಪಿನ ದೋಷವೇ, ಡೆಕ್ಕಿನದೇ?

ಡೊಂಬಿವಲಿಯ ಟೇಪ್ ಡೆಕ್

ಬೇರೊಂದು ಕ್ಯಾಸೆಟ್ಟಿನ ಕೊನೆಯಲ್ಲೂ ಹಾಗೆಯೇ ತೂಗಾಡಿದರೆ ಡೆಕ್ಕಿನ ರಬ್ಬರ್ ಬೆಲ್ಟ್ ಸಡಿಲವಾಗಿದೆ ಎಂದು ತಿಳಿಯಿರಿ. ಬೆಲ್ಟ್ ಬದಲಿಸಿದ ಮೇಲೆ ಆ ಬದಿಯನ್ನು ಮೊದಲಿನಿಂದ ಮತ್ತೊಮ್ಮೆ ಮುದ್ರಿಸಿಕೊಳ್ಳಿ.