ನಾಲ್ಕು ಡ್ರೋನ್‌ಗಳ ಗಡಿಯಾರಗಳನ್ನು ಹೊಂದಿಸುವುದು ಹೇಗೆ?

ಬ್ಯಾಣದ ಹುಡುಗ (ಪ್ರಶ್ನೆ):

ನಾವು ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷದ ವಿದ್ಯಾರ್ಥಿಗಳು. ಮಲೆನಾಡಿನ ನಮ್ಮ ಊರಿನಲ್ಲಿ ಮೇಯಲು ಬಿಟ್ಟ ದನ ಬ್ಯಾಣ (ಹುಲ್ಲುಗಾವಲು) ದಾಟಿ ಗುಡ್ಡ ಹತ್ತಿತೆಂದರೆ ಕತ್ತಲಾಗುವವರೆಗೂ ಹುಡುಕಬೇಕು. ಅದಕ್ಕಾಗಿ ದನದ ಕೊರಳಿಗೆ 866 ಮೆಗಾಹರ್ಟ್ಸ್‌ನ ಪುಟ್ಟ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂಕೇತ ಕಳಿಸುವ ರೇಡಿಯೊ ವಿಧಾನ) ಟ್ರಾನ್ಸ್‌ಮಿಟರ್ ಕಟ್ಟಿ, ನಾಲ್ಕು ಡ್ರೋನ್‌ಗಳಿಂದ ಅದರ ಸಂಕೇತ ಹಿಡಿಯುವ ಪ್ರಾಜೆಕ್ಟ್ ಕೈಗೆತ್ತಿಕೊಂಡಿದ್ದೇವೆ. ಸಂಕೇತ ಯಾವ ಡ್ರೋನ್‌ಗೆ ಎಷ್ಟು ಮೊದಲು ತಲುಪಿತು ಎಂಬ ವ್ಯತ್ಯಾಸದಿಂದ ದನ ಇರುವ ಜಾಗ ಲೆಕ್ಕಹಾಕಬೇಕು.

ಪ್ರತಿ ಡ್ರೋನ್‌ನಲ್ಲಿ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಅಗ್ಗದ ರೇಡಿಯೊ ಗ್ರಾಹಕ), ಒಂದು ಜಿಪಿಎಸ್ ಮಾಡ್ಯೂಲ್ ಇದೆ. ಪೈಗಳ ಗಡಿಯಾರವನ್ನು ವೈಫೈ ಮೇಲೆ ಎನ್‌ಟಿಪಿಯಿಂದ (ಜಾಲದ ಮೂಲಕ ಕಂಪ್ಯೂಟರ್‌ಗಳ ಸಮಯ ಹೊಂದಿಸುವ ವಿಧಾನ) ಹೊಂದಿಸಿದ್ದೇವೆ. ಒಂದೆರಡು ಮಿಲಿಸೆಕೆಂಡಿನೊಳಗೆ ಹೊಂದಿಕೊಂಡಿವೆ ಎಂದೇ ತೋರಿಸುತ್ತದೆ. ಆದರೂ ಮೈದಾನದಲ್ಲಿ ಪರೀಕ್ಷಿಸಿದರೆ ಸಮೀಕರಣಕ್ಕೆ ಉತ್ತರವೇ ಸಿಗುವುದಿಲ್ಲ, ಸಿಕ್ಕರೆ ನೂರಾರು ಕಿಲೋಮೀಟರ್ ಆಚೆಯ ಜಾಗ ಬರುತ್ತದೆ. ಡ್ರೋನ್ ಚಲಿಸುತ್ತಿರುವುದರಿಂದ ಡಾಪ್ಲರ್ ಪರಿಣಾಮವೇ (ಚಲನೆಯಿಂದ ಅಲೆಯ ಆವರ್ತನ ಬದಲಾಗುವುದು) ಕಾರಣವೆಂದು ನಮ್ಮಲ್ಲಿ ಕೆಲವರ ಅಭಿಪ್ರಾಯ. ಜೊತೆಗೆ ನಾಲ್ಕೂ ಒಟ್ಟಿಗೆ ಹಾರಿದಾಗ ಟೆಲಿಮೆಟ್ರಿ ಪ್ಯಾಕೆಟ್‌ಗಳು (ಡ್ರೋನ್ ರೇಡಿಯೊ ಮೂಲಕ ನೆಲಕ್ಕೆ ಕಳಿಸುವ ಮಾಹಿತಿಯ ತುಣುಕುಗಳು) ಮೇಲಿಂದ ಮೇಲೆ ತಪ್ಪಿಹೋಗುತ್ತವೆ. ಎಲ್ಲಿಂದ ಸರಿಪಡಿಸಲಿ?

ಕಾಲಮಾಪಕ:

ನಾನು ಬೆಂಗಳೂರಿನಲ್ಲಿ ಮೊಬೈಲ್ ಟವರ್‌ಗಳ ಕಾಲಹೊಂದಾಣಿಕೆಯ ಕೆಲಸ ಮಾಡುವವನು. ನಿಮ್ಮ ತೊಂದರೆ ಓದಿದ ಕೂಡಲೇ ಉತ್ತರಿಸಬೇಕೆನಿಸಿತು, ಏಕೆಂದರೆ ಇಂಥ ಒಳ್ಳೆಯ ಕೆಲಸ ಗಡಿಯಾರದ ವಿಷಯದಲ್ಲಿ ಮುಗ್ಗರಿಸಿ ಅರ್ಧಕ್ಕೆ ನಿಲ್ಲಬಾರದು.

ಮೊದಲು ಡಾಪ್ಲರ್ ಮಾತು ಬಿಟ್ಟುಬಿಡಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಡ್ರೋನ್‌ಗೆ 866 ಮೆಗಾಹರ್ಟ್ಸ್‌ನಲ್ಲಿ ಬರುವ ಡಾಪ್ಲರ್ ವ್ಯತ್ಯಾಸ ಸುಮಾರು 29 ಹರ್ಟ್ಸ್. ಅಗ್ಗದ ಡಾಂಗಲ್‌ನ ಆವರ್ತನ ನಿರ್ಧರಿಸುವ ಹರಳು 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ತಪ್ಪಿದರೆ ಅದೊಂದೇ 17 ಕಿಲೋಹರ್ಟ್ಸ್‌ಗೂ ಹೆಚ್ಚು. ಆನೆಯನ್ನು ಬಿಟ್ಟು ಇರುವೆಯ ಬೆನ್ನು ಹತ್ತಬೇಡಿ.

ನಿಜವಾದ ಕಾರಣ ಬೆಳಕಿನ ವೇಗದಲ್ಲಿದೆ. ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರ್ ಸಾಗುತ್ತದೆ, ಒಂದು ಮಿಲಿಸೆಕೆಂಡಿನಲ್ಲಿ 300 ಕಿಲೋಮೀಟರ್. ನಿಮ್ಮ ಎನ್‌ಟಿಪಿ ತನ್ನ ಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ನೀವು ಕೇಳುತ್ತಿರುವ ಕೆಲಸಕ್ಕೆ ಅದು ಒದಗುವುದಿಲ್ಲ. ಇದೇ ನಾಲ್ಕು ಡ್ರೋನ್‌ಗಳು ರೇಡಿಯೊ ಬದಲು ದನದ ಕೂಗನ್ನು ಹಿಡಿಯುತ್ತಿದ್ದರೆ ಒಂದು ಮಿಲಿಸೆಕೆಂಡ್ ತಪ್ಪಿಗೆ 34 ಸೆಂಟಿಮೀಟರ್ ಮಾತ್ರ ವ್ಯತ್ಯಾಸ ಬರುತ್ತಿತ್ತು. ಹಾಗಾಗಿ ಗಡಿಯಾರ ಎಷ್ಟು ನಿಖರವಾಗಿರಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ, ಅದು ಅಳೆಯುವ ಅಲೆಯ ವೇಗವನ್ನು ಅವಲಂಬಿಸಿದೆ. ನಾವು ಟವರ್‌ಗಳಲ್ಲಿ ಟಿಡಿಡಿ (ಕಳಿಸುವುದು, ಪಡೆಯುವುದು ಒಂದೇ ಆವರ್ತನದಲ್ಲಿ ಸರದಿಯಂತೆ ನಡೆಯುವ) ಜಾಲಕ್ಕೆ ಪ್ಲಸ್ ಅಥವಾ ಮೈನಸ್ 1.5 ಮೈಕ್ರೊಸೆಕೆಂಡ್ ಮಿತಿ ಇಟ್ಟುಕೊಳ್ಳುತ್ತೇವೆ. ನಿಮಗೆ ಅದೂ ಸಾಲದು, ಅದೇ 450 ಮೀಟರ್ ಆಯಿತು.

ಹಾಗಾದರೆ ಜಿಪಿಎಸ್ ಮಾಡ್ಯೂಲ್‌ನ ಪಿಪಿಎಸ್ ತಂತಿ ಪೈಗೆ ಜೋಡಿಸಿದರೆ ಸಾಕಲ್ಲವೇ ಎಂದು ನೀವು ಕೇಳುತ್ತೀರಿ. ಆ ಸೆಕೆಂಡಿಗೊಂದು ಮಿಡಿತ ಅದ್ಭುತವಾದದ್ದೇ. ಎರಡು ಮಾಡ್ಯೂಲ್‌ಗಳನ್ನು ಕಿಟಕಿಯ ಬಳಿ ಇಟ್ಟು ಅವುಗಳ ಪಿಪಿಎಸ್ ಅನ್ನು ಆಸಿಲೋಸ್ಕೋಪ್‌ನಲ್ಲಿ ನೋಡಿ: ಎರಡು ಏರುಗೆರೆಗಳು ಹತ್ತಾರು ನ್ಯಾನೊಸೆಕೆಂಡ್ ಅಂತರದಲ್ಲಿ ಒಂದನ್ನೊಂದು ಹಿಂದೆ ಹಾಕುತ್ತಾ, ಮತ್ತೆ ಹಿಂದೆ ಬೀಳುತ್ತಾ ಓಲಾಡುತ್ತಿರುತ್ತವೆ. ದೂರದ ಲೆಕ್ಕದಲ್ಲಿ ಅದು ಹತ್ತು-ಇಪ್ಪತ್ತು ಮೀಟರ್ ಅಷ್ಟೇ. ಆದರೆ ಅಷ್ಟು ಒಳ್ಳೆಯ ಮಿಡಿತ ನಿಮ್ಮ ಡಾಂಗಲ್‌ನ ಒಳಕ್ಕೆ ಹೋಗುವುದೇ ಇಲ್ಲ! ಆರ್‌ಟಿಎಲ್-ಎಸ್‌ಡಿಆರ್‌ಗೆ ಪಿಪಿಎಸ್ ಒಳದಾರಿಯಿಲ್ಲ. ಅದು ಹಿಡಿದ ಮಾದರಿಗಳು (ಸಂಕೇತದ ಕ್ಷಣಕ್ಷಣದ ಅಳತೆಗಳು) ಯುಎಸ್‌ಬಿಯ ಬಫರ್‌ಗಳಲ್ಲಿ ಕಾದು, ಕಂತು ಕಂತಾಗಿ ಪೈಗೆ ಬರುತ್ತವೆ. ಪೈ ಅವುಗಳ ಮೇಲೆ ಸಮಯ ಬರೆಯುವ ಹೊತ್ತಿಗೆ ಮಿಲಿಸೆಕೆಂಡುಗಳೇ ಕಳೆದಿರುತ್ತವೆ, ಆ ವಿಳಂಬ ಪ್ರತಿ ಬಾರಿಯೂ ಬೇರೆ ಬೇರೆ. ಗಡಿಯಾರ ಸರಿಯಿದ್ದರೂ ಸಮಯದ ಮುದ್ರೆ ಬೀಳುತ್ತಿರುವ ಜಾಗ ತಪ್ಪು. ಅದು ಆಂಟೆನಾಗೆ ಎಷ್ಟು ಹತ್ತಿರ ಬೀಳುತ್ತದೋ ಅಷ್ಟು ಒಳ್ಳೆಯದು.

ದುಬಾರಿ ಎಸ್‌ಡಿಆರ್ ಕೊಳ್ಳದೆ ಇದನ್ನು ದಾಟಲು ಒಂದು ಹಳೆಯ, ಸೊಗಸಾದ ಉಪಾಯವಿದೆ. ಸೆನ್ಸರ್ ಜಾಲಗಳಿಗಾಗಿ 2002ರಲ್ಲಿ ಎಲ್ಸನ್, ಗಿರೋಡ್ ಮತ್ತು ಎಸ್ಟ್ರಿನ್ ಮಂಡಿಸಿದ ವಿಧಾನದ ತಿರುಳು ಇದು: ಒಬ್ಬರು ಕೂಗಿದ್ದನ್ನು ಎಲ್ಲರೂ ಕೇಳಲಿ, ಕೇಳಿದವರು ತಾವು ಕೇಳಿದ ಹೊತ್ತನ್ನು ಪರಸ್ಪರ ಹೋಲಿಸಿಕೊಳ್ಳಲಿ. ಕೂಗಿದವನ ಗಡಿಯಾರ ಎಷ್ಟು ಕೆಟ್ಟಿದ್ದರೂ ಲೆಕ್ಕದಿಂದ ಹೊರಗೆ ಬಿದ್ದುಹೋಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಎತ್ತರದ ಒಂದು ಮನೆಯ ಮಾಡಿನ ಮೇಲೆ, ಸ್ಥಾನ ಖಚಿತವಾಗಿ ಗೊತ್ತಿರುವ ಇನ್ನೊಂದು ಟ್ರಾನ್ಸ್‌ಮಿಟರ್ ಇಡಿ. ಅದು ದನದ ಚಾನೆಲ್‌ಗಿಂತ ಸ್ವಲ್ಪ ಪಕ್ಕದಲ್ಲಿ, ಸೆಕೆಂಡಿಗೆ ನಾಲ್ಕೈದು ಬಾರಿ ಮಾತಾಡುತ್ತಿರಲಿ. ಡಾಂಗಲ್ ಸೆಕೆಂಡಿಗೆ 24 ಲಕ್ಷ ಮಾದರಿಗಳನ್ನು ತೆಗೆದುಕೊಳ್ಳುವುದರಿಂದ ಎರಡೂ ಸಂಕೇತಗಳು ಒಂದೇ ದಾಖಲೆಯೊಳಗೆ ಸಿಗುತ್ತವೆ. ಈಗ ಪೈ ಏನು ಸಮಯ ಹೇಳಿತು ಎಂಬುದು ಬೇಡವೇ ಬೇಡ. ಮಾಡಿನ ಸಂಕೇತಕ್ಕೂ ದನದ ಸಂಕೇತಕ್ಕೂ ನಡುವೆ ಎಷ್ಟು ಮಾದರಿಗಳಿವೆ ಎಂದು ಪ್ರತಿ ಡ್ರೋನ್ ಎಣಿಸಲಿ. ಮಾಡಿನಿಂದ ಡ್ರೋನ್‌ಗಿರುವ ದೂರ ಜಿಪಿಎಸ್‌ನಿಂದ ತಿಳಿದಿದೆ, ಅದನ್ನು ಕಳೆಯಿರಿ. ಉಳಿದದ್ದೇ ನಿಮಗೆ ಬೇಕಾದ ವ್ಯತ್ಯಾಸ. ಮಾಡಿನ ಸಂಕೇತ ಎಲ್ಲ ಡ್ರೋನ್‌ಗಳಿಗೂ ನೇರವಾಗಿ ಕಾಣುವಂತಿರಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಹರಳಿನ ಓಟವನ್ನೂ ಗಮನಿಸಿ. ಒಂದು ಪಿಪಿಎಂ ತಪ್ಪು ಎಂದರೆ ಸೆಕೆಂಡಿಗೆ ಒಂದು ಮೈಕ್ರೊಸೆಕೆಂಡ್ ಜಾರುವುದು. ಎರಡು ಸಂಕೇತಗಳ ನಡುವೆ ಅರ್ಧ ಸೆಕೆಂಡ್ ಅಂತರವಿದ್ದರೆ 150 ಮೀಟರ್ ಕೈತಪ್ಪಿತು. 20 ಮಿಲಿಸೆಕೆಂಡ್ ಆದರೆ 6 ಮೀಟರ್. ದನದ ಸಂಕೇತದ ಹಿಂದೊಂದು ಮುಂದೊಂದು ಮಾಡಿನ ಸಂಕೇತ ಹಿಡಿದು ನಡುವೆ ಸರಳರೇಖೆ ಎಳೆದರೆ ಈ ಜಾರುವಿಕೆ ಬಹುಪಾಲು ಅಳಿದುಹೋಗುತ್ತದೆ.

ಕರಾವಳಿ ಹ್ಯಾಮ್:

ಟೆಲಿಮೆಟ್ರಿಯ ಬಗ್ಗೆ ನಾನು ಹೇಳುತ್ತೇನೆ. ಮೊದಲು ನಿಮ್ಮ ರೇಡಿಯೊಗಳ ಹಿಂದೆ ಅಂಟಿಸಿರುವ ಚೀಟಿ ಓದಿ. ಅಂತರ್ಜಾಲದಲ್ಲಿ ಸಿಗುವ ಹಲವು ಟೆಲಿಮೆಟ್ರಿ ಸೆಟ್‌ಗಳು 915 ಮೆಗಾಹರ್ಟ್ಸ್‌ನವು. ಅದು ಅಮೆರಿಕದ ತರಂಗಪಟ್ಟಿ, ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸುವಂತಿಲ್ಲ. ಇಲ್ಲಿ ಮುಕ್ತವಾಗಿರುವವುಗಳಲ್ಲಿ 865ರಿಂದ ಆರಂಭವಾಗುವ ಕಿರಿದಾದ ಪಟ್ಟಿ ಮತ್ತು 2.4 ಗಿಗಾಹರ್ಟ್ಸ್ ಸೇರಿವೆ. ಟೆಲಿಮೆಟ್ರಿಯನ್ನು 2.4ಕ್ಕೆ ಒಯ್ಯಿರಿ, ದನದ ದುರ್ಬಲ ಸಂಕೇತ ಕೇಳಬೇಕಾದ ಡಾಂಗಲ್ ಪಕ್ಕದಲ್ಲೇ ಅದೇ ಪಟ್ಟಿಯ ಟ್ರಾನ್ಸ್‌ಮಿಟರ್ ಕಿರುಚಬಾರದು.

ಪ್ಯಾಕೆಟ್ ತಪ್ಪುವುದು ನಾಲ್ವರೂ ಒಟ್ಟಿಗೆ ಮಾತಾಡುವುದರಿಂದ. ಸರದಿ ಕೊಡಿ: ಒಬ್ಬೊಬ್ಬರಿಗೆ 50 ಮಿಲಿಸೆಕೆಂಡ್, 200ಕ್ಕೊಂದು ಸುತ್ತು, ಸರದಿಗಳ ನಡುವೆ ಒಂದೆರಡು ಮಿಲಿಸೆಕೆಂಡ್ ಮೌನ. ಮೂರು ಕಿಲೋಮೀಟರ್ ದೂರಕ್ಕೆ ಅಲೆ ತೆಗೆದುಕೊಳ್ಳುವುದು 10 ಮೈಕ್ರೊಸೆಕೆಂಡ್, ಚಿಂತೆಯಿಲ್ಲ. ಈ ಕೆಲಸಕ್ಕೆ ಮಾತ್ರ ಪಿಪಿಎಸ್ ಅನ್ನು ಪೈಗೆ ಜೋಡಿಸಿದರೆ ಧಾರಾಳ.

ಬ್ಯಾಣದ ಹುಡುಗ:

ಇಬ್ಬರಿಗೂ ಧನ್ಯವಾದ. ಮಾದರಿ ಎಣಿಸುವ ವಿಧಾನ ಈ ವಾರವೇ ಮಾಡುತ್ತೇವೆ. ಒಂದು ಸಂಶಯ ಉಳಿದಿದೆ. ಮೈಸೂರು ದಸರೆಯಲ್ಲಿ ಸಾವಿರಕ್ಕೂ ಹೆಚ್ಚು ಡ್ರೋನ್‌ಗಳು ಒಟ್ಟಿಗೆ ಚಿತ್ರ ಬಿಡಿಸುತ್ತವೆ. ಅವು ಹೊಂದಿಕೊಳ್ಳುವ ತಂತ್ರವನ್ನೇ ನಾವೂ ಬಳಸಬಾರದೇ?

ಕಾಲಮಾಪಕ:

ಅಂಥ ಪ್ರದರ್ಶನಗಳಲ್ಲಿ ಡ್ರೋನ್‌ಗಳು ಸಾಮಾನ್ಯವಾಗಿ ಒಂದರೊಡನೊಂದು ಮಾತಾಡುವುದಿಲ್ಲ. ಪ್ರತಿಯೊಂದೂ ತನ್ನ ದಾರಿಯನ್ನು ಮೊದಲೇ ತುಂಬಿಕೊಂಡು, ಜಿಪಿಎಸ್ ಹೇಳಿದ ಹೊತ್ತಿಗೆ ಹೊರಡುತ್ತದೆ. ಕಣ್ಣಿಗೆ ಏಕಕಾಲ ಎನಿಸಲು ಕೆಲವು ಮಿಲಿಸೆಕೆಂಡ್ ಸಾಕು. ನಿಮ್ಮದು ಅದಕ್ಕಿಂತ ಸಾವಿರಾರು ಪಟ್ಟು ಕಠಿಣ.

ಇನ್ನೊಂದು ಮಾತು ಈಗಲೇ ಹೇಳಿಬಿಡಬೇಕು. ಗಡಿಯಾರವೆಲ್ಲ ಸರಿಹೋದರೂ ಲೋರಾ ಸಂಕೇತದ ಅಗಲ 125 ಕಿಲೋಹರ್ಟ್ಸ್ ಮಾತ್ರ. ಅದು ಬಂದ ಕ್ಷಣ ಗುರುತಿಸಲು ಅದರ ಗೊತ್ತಿರುವ ರೂಪದೊಡನೆ ತಾಳೆ ನೋಡುವಾಗ ಬರುವ ಶಿಖರ ಸುಮಾರು 8 ಮೈಕ್ರೊಸೆಕೆಂಡ್ ಅಗಲವಿರುತ್ತದೆ, ದೂರದಲ್ಲಿ 2.4 ಕಿಲೋಮೀಟರ್. ಸಂಕೇತ ಗಟ್ಟಿಯಾಗಿದ್ದರೆ ಶಿಖರದ ನೆತ್ತಿಯನ್ನು ಅದರ ಇಪ್ಪತ್ತನೆಯ ಒಂದು ಪಾಲಿನವರೆಗೆ ಗುರುತಿಸಬಹುದು, ಅಂದರೆ 120 ಮೀಟರ್. ಮರಗಳಿಂದ, ಗುಡ್ಡದಿಂದ ತಿರುಗಿ ಬರುವ ಪ್ರತಿಫಲನ ಸೇರಿದರೆ ಇನ್ನೂ ಹೆಚ್ಚು. ಡ್ರೋನ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸದೆ ಗುಡ್ಡವನ್ನು ಸುತ್ತುವರಿಯುವಂತೆ ಹರಡಿ.

ಕರಾವಳಿ ಹ್ಯಾಮ್:

ಅಷ್ಟು ಹತ್ತಿರ ಬಂದ ಮೇಲೆ ಕೊನೆಯ ನೂರು ಮೀಟರ್‌ಗೆ ನಾಲ್ಕು ಡ್ರೋನ್ ಬೇಡ. ಒಂದಕ್ಕೆ ಮೂರು ಕಡ್ಡಿಯ ಹಗುರವಾದ ‘ಯಾಗಿ’ ಆಂಟೆನಾ (ಒಂದು ದಿಕ್ಕಿನ ಸಂಕೇತವನ್ನು ಹೆಚ್ಚು ಜೋರಾಗಿ ಹಿಡಿಯುವಂಥದ್ದು) ಕಟ್ಟಿ, ನಿಂತಲ್ಲೇ ಒಂದು ಸುತ್ತು ತಿರುಗಿಸಿ, ಸಂಕೇತ ಯಾವ ದಿಕ್ಕಿನಲ್ಲಿ ಜೋರಾಗಿದೆ ನೋಡಿ. ಎರಡು ಜಾಗದಿಂದ ಹಾಗೆ ಮಾಡಿದರೆ ಗೆರೆಗಳು ದನದ ಮೇಲೆ ಕೂಡುತ್ತವೆ. ಇದಕ್ಕೆ ಗಡಿಯಾರವೇ ಬೇಕಿಲ್ಲ.

ಕಾಲಮಾಪಕ:

ಒಪ್ಪುತ್ತೇನೆ. ನಾಲ್ಕು ಡ್ರೋನ್ ಯಾವ ಗುಡ್ಡ ಎಂದು ಹೇಳಲಿ, ಯಾಗಿ ಯಾವ ಪೊದೆ ಎಂದು ಹೇಳಲಿ. ಮೊದಲ ದಾಖಲೆಗಳು ಬಂದಾಗ ಇಲ್ಲಿಗೆ ಹಾಕಿ. ಮಾಡಿನ ಸಂಕೇತಗಳ ನಡುವಿನ ಮಾದರಿಗಳ ಎಣಿಕೆ ಪ್ರತಿ ಬಾರಿ ಒಂದೇ ಬರುತ್ತಿದೆಯೇ ಎಂದು ಮೊದಲು ನೋಡೋಣ. ಎಲ್ಲಾದರೂ ದಿಢೀರನೆ ಜಿಗಿದಿದ್ದರೆ ಯುಎಸ್‌ಬಿ ಮಾದರಿಗಳನ್ನು ನುಂಗಿದೆ ಎಂದರ್ಥ, ಆ ತುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.