ಅಜ್ಜನ ತಾಳಮದ್ದಳೆ ಡಿವಿಡಿಗೆ ಗೀರು ಬಿದ್ದಿದೆ, ಲಿನಕ್ಸ್‌ನಲ್ಲಿ ಕಾಪಿ ತೆಗೆಯುವುದು ಹೇಗೆ?

ಹೊನ್ನಾವರದ ಮೊಮ್ಮಗ:

ನಮ್ಮಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. 2008ರಲ್ಲಿ ನಮ್ಮ ಮನೆ ಅಂಗಳದಲ್ಲೇ ಒಂದು ಕೂಟ ಆಗಿತ್ತು. ಅಜ್ಜನದು ಭೀಷ್ಮ. ಒಂದು ಸ್ಟುಡಿಯೋದವರು ಬಂದು ರೆಕಾರ್ಡ್ ಮಾಡಿ ಡಿವಿಡಿ ಕೊಟ್ಟಿದ್ದರು. ಮರುವರ್ಷ ಅಜ್ಜ ತೀರಿಕೊಂಡರು. ಅವರ ದನಿ ಈಗ ಉಳಿದಿರುವುದು ಈ ಒಂದು ಡಿಸ್ಕಿನಲ್ಲಿ ಮಾತ್ರ.

ಕವರ್ ಇಲ್ಲದೆ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಎಷ್ಟೋ ವರ್ಷ ಬಿದ್ದಿತ್ತು. ಕೆಳಗಡೆ ತುಂಬಾ ಗೀರುಗಳಿವೆ. ನನ್ನ ಕಂಪ್ಯೂಟರಿನಲ್ಲಿರುವುದು ಉಬುಂಟು ಲಿನಕ್ಸ್. ಫೈಲ್‌ಗಳನ್ನು ಎಳೆದು ಹಾಕಿದರೆ ಮೂರನೇ ವಿಒಬಿ (ಡಿವಿಡಿಯ ವಿಡಿಯೋ ಇರುವ) ಫೈಲಿನ ನಡುವೆ ಇನ್‌ಪುಟ್ ಔಟ್‌ಪುಟ್ ಎರರ್ ಬಂದು ನಿಂತುಬಿಡುತ್ತದೆ. ಬ್ರಸೆರೋ ಎಂಬ ಡಿಸ್ಕ್ ಕಾಪಿ ಮಾಡುವ ತಂತ್ರಾಂಶದಲ್ಲೂ ಅಷ್ಟೇ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಮಾಡಬಹುದಾ? ದಯವಿಟ್ಟು ಗೊತ್ತಿದ್ದವರು ತಿಳಿಸಿ.

ಹಳೇ ಡ್ರೈವ್:

ಪೇಸ್ಟ್ ಈಗಲೇ ಬೇಡ. ನಮ್ಮಕ್ಕನ ಮದುವೆ ಡಿಸ್ಕಿಗೆ ನಾನು ಮೊದಲು ಅದನ್ನೇ ಮಾಡಿದ್ದೆ. ಅಷ್ಟೋ ಇಷ್ಟೋ ಓದುತ್ತಿದ್ದ ಡಿಸ್ಕನ್ನು ಡ್ರೈವ್ ಗುರುತೇ ಹಿಡಿಯದ ಹಾಗಾಯಿತು. ಆ ನೋವು ಇನ್ನೂ ಹೋಗಿಲ್ಲ. ಈಗ ಎಷ್ಟು ಸಿಗುತ್ತದೋ ಅಷ್ಟನ್ನು ಮೊದಲು ತೆಗೆದಿಟ್ಟುಕೊಳ್ಳಿ. ಉಜ್ಜುವುದು ಕೊನೆಯ ಮಾತು.

ಒಂದು ಧೈರ್ಯದ ವಿಷಯ ಹೇಳುತ್ತೇನೆ. ಸಿಡಿಯಲ್ಲಿ ಡೇಟಾ ಲೇಬಲ್ಲಿನ ಕೆಳಗೇ ಇರುತ್ತದೆ. ಡಿವಿಡಿಯಲ್ಲಿ ಹಾಗಲ್ಲ, 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ಕೆಳಗಿನ ಸಣ್ಣ ಗೀರು ಲೇಸರಿನ ದಾರಿ ಕೆಡಿಸುತ್ತದೆ ಅಷ್ಟೇ, ಡೇಟಾ ಹಾಗೇ ಇರುತ್ತದೆ. ಹಾಗಾಗಿ ಆಸೆ ಬಿಡಬೇಡಿ.

ಮೊದಲು ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಹಳೇ ಕಾಟನ್ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಲೇಬೇಡಿ. ಅಡ್ಡ ಬಿದ್ದ ಗೀರು ಒಂದೊಂದು ಸುತ್ತಿನಲ್ಲೂ ಸ್ವಲ್ಪವೇ ಕೆಡಿಸುತ್ತದೆ, ಅದನ್ನು ಡ್ರೈವ್ ತಾನೇ ತಿದ್ದಿಕೊಳ್ಳುತ್ತದೆ. ಸುತ್ತಿನ ಜೊತೆಗೇ ಓಡುವ ಗೀರು ಒಂದೇ ಕಡೆ ಉದ್ದಕ್ಕೂ ತಿಂದುಬಿಡುತ್ತದೆ.

ಆಮೇಲೆ ಡಿಡಿರೆಸ್ಕ್ಯೂ, ಅಂದರೆ ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತಿಕೊಳ್ಳುವ ತಂತ್ರಾಂಶ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಮುಂದೆ ಒಂದು 'ಜಿ' ಜಾಸ್ತಿ. ಕಮಾಂಡಿನಲ್ಲಿ ಆ ಜಿ ಇಲ್ಲ. ಡಿಸ್ಕನ್ನು ಅನ್‌ಮೌಂಟ್ ಮಾಡಿ (ಸಿಸ್ಟಮ್ ಅದನ್ನು ಬಳಸದ ಹಾಗೆ ಬಿಡಿಸಿ), ಆದರೆ ಹೊರಗೆ ತೆಗೆಯಬೇಡಿ. ಕಮಾಂಡನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷ್ ಚಿಕ್ಕಕ್ಷರದಲ್ಲಿ ಹೊಡೆಯಿರಿ:

ಡಿಡಿರೆಸ್ಕ್ಯೂ -ಎನ್ -ಬಿ2048 /ಡೆವ್/ಎಸ್‌ಆರ್0 ಅಜ್ಜ.ಐಎಸ್‌ಒ ಅಜ್ಜ.ಮ್ಯಾಪ್

ಎಸ್‌ಆರ್0 ಎಂದರೆ ನಿಮ್ಮ ಡಿವಿಡಿ ಡ್ರೈವ್, ಐಎಸ್‌ಒ ಎಂದರೆ ಇಡೀ ಡಿಸ್ಕಿನ ನಕಲು (ಇಮೇಜ್) ಇರುವ ಒಂದೇ ಫೈಲ್. 2048 ಎಂದರೆ ಡಿವಿಡಿಯ ಒಂದು ಸೆಕ್ಟರಿನಲ್ಲಿರುವ, ಅಂದರೆ ಡೇಟಾದ ಒಂದು ಸಣ್ಣ ತುಂಡಿನಲ್ಲಿರುವ, ಬೈಟ್‌ಗಳು. ಈ ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗವನ್ನು ಆಮೇಲಕ್ಕೆ ಬಿಡುತ್ತದೆ. ಸುಮ್ನೆ ಕಾಪಿ ಮಾಡಿದರೆ ಮೊದಲ ತಪ್ಪಿಗೇ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಮುಗಿದ ಮೇಲೆ ಅದೇ ಕಮಾಂಡಿನಲ್ಲಿ -ಎನ್ ತೆಗೆದು -ಡಿ -ಆರ್3 ಹಾಕಿ ಓಡಿಸಿ. ಕೆಟ್ಟ ಸೆಕ್ಟರುಗಳಿಗೆ ಇನ್ನೂ ಮೂರು ಸಲ ಪ್ರಯತ್ನಿಸುತ್ತದೆ. ಇಡೀ ರಾತ್ರಿ ಹಿಡಿಯಬಹುದು, ಬಿಡಿ. ಕರೆಂಟ್ ಹೋದರೂ ಚಿಂತೆಯಿಲ್ಲ. ಎಲ್ಲಿ ಓದಿದೆ, ಎಲ್ಲಿ ಓದಿಲ್ಲ ಎಂಬ ಲೆಕ್ಕವೆಲ್ಲ ಆ ಮ್ಯಾಪ್ ಫೈಲಿನಲ್ಲಿರುತ್ತದೆ. ಅದನ್ನು ಮಾತ್ರ ಅಳಿಸಬೇಡಿ.

ಉಳಿದದ್ದಕ್ಕೆ ಬೇರೆ ಡ್ರೈವ್ ಹಾಕಿ ನೋಡಿ. ಒಂದು ಡ್ರೈವ್ ಓದದ ಸೆಕ್ಟರನ್ನು ಇನ್ನೊಂದು ಓದುವುದು ನಾನೇ ಎಷ್ಟೋ ಸಲ ಕಂಡಿದ್ದೇನೆ. ಫೈಲ್‌ಗಳ ಹೆಸರು ಅದೇ ಇರಲಿ.

ಹೊನ್ನಾವರದ ಮೊಮ್ಮಗ:

ತುಂಬಾ ಥ್ಯಾಂಕ್ಸ್. ತೊಳೆದು ಮಾಡಿದೆ. ಒಟ್ಟು 4.3 ಜಿಬಿ. ಮೊದಲ ಸುತ್ತಿಗೆ 58 ಎಂಬಿ ಓದಲಾಗದೆ ಉಳಿಯಿತು, ಬೆಳಗಾಗುವಷ್ಟರಲ್ಲಿ 14ಕ್ಕೆ ಇಳಿಯಿತು. ಗೆಳೆಯನ ಯುಎಸ್‌ಬಿ ಡ್ರೈವ್ ತಂದೆ, 6 ಎಂಬಿಗೆ ಬಂತು. ಅಲ್ಲಿಂದ ಕದಲುತ್ತಿಲ್ಲ. ಎರಡು ಗಂಟೆಯ ವಿಡಿಯೋದಲ್ಲಿ 6 ಎಂಬಿ ಎಂದರೆ ಹತ್ತು ಸೆಕೆಂಡ್. ಆದರೆ ಆ ಹತ್ತು ಸೆಕೆಂಡ್ ಅಂಬೆಗೆ ಭೀಷ್ಮ ಉತ್ತರ ಕೊಡುವ ಕಡೆಯೇ ಬಿದ್ದಿದೆ. ಅಜ್ಜ ಮಾತು ಶುರು ಮಾಡುತ್ತಾರೆ, ಚಿತ್ರ ಚೌಕ ಚೌಕವಾಗುತ್ತದೆ, ದನಿ ಹೋಗುತ್ತದೆ.

ಮಲೆನಾಡಿನವಳು:

ಆ ಸ್ಟುಡಿಯೋದವರು ಒಂದೇ ಡಿಸ್ಕ್ ಕೊಟ್ಟಿದ್ದರಾ? ಆಗೆಲ್ಲ ನೆಂಟರಿಗೆಂದು ನಾಲ್ಕೈದು ಕಾಪಿ ಹೊಡೆಸುತ್ತಿದ್ದೆವು ಅಲ್ವಾ? ಒಂದೇ ಇಮೇಜಿನಿಂದ ಬರೆದ ಇನ್ನೊಂದು ಡಿಸ್ಕ್ ಸಿಕ್ಕರೆ, ಅದಕ್ಕೂ ಗೀರಿದ್ದರೂ ಪರವಾಗಿಲ್ಲ. ಎರಡಕ್ಕೂ ಒಂದೇ ಜಾಗದಲ್ಲಿ ಗೀರು ಬಿದ್ದಿರುವುದು ಅಪರೂಪ. ಅದನ್ನು ಡ್ರೈವ್‌ಗೆ ಹಾಕಿ, ಅದೇ ಐಎಸ್‌ಒ, ಅದೇ ಮ್ಯಾಪ್ ಕೊಟ್ಟು ಓಡಿಸಿ. ಖಾಲಿ ಇರುವ ಸೆಕ್ಟರುಗಳನ್ನು ಮಾತ್ರ ಅದರಿಂದ ತುಂಬಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಎರಡೂ ನಿಜವಾಗಿ ಒಂದೇನಾ ಎಂದು ಮೊದಲು ನೋಡಿ. ಎರಡನೆಯದನ್ನು ಬೇರೆ ಹೆಸರಿನಲ್ಲಿ ಸ್ವಲ್ಪ ಓದಿಸಿ, ಚೆನ್ನಾಗಿರುವ ಭಾಗವನ್ನು ಸಿಎಂಪಿ ಕಮಾಂಡಿನಿಂದ ಹೋಲಿಸಿ. ಒಂದೂ ಬೈಟ್ ವ್ಯತ್ಯಾಸ ಬರಬಾರದು. ಮುಂದುವರಿಯುವ ಮೊದಲು ಈಗಿರುವ ಐಎಸ್‌ಒ ಮತ್ತು ಮ್ಯಾಪ್ ಎರಡನ್ನೂ ಬೇರೆ ಕಡೆ ಕಾಪಿ ಇಟ್ಟುಕೊಳ್ಳಿ.

ಹೊನ್ನಾವರದ ಮೊಮ್ಮಗ:

ಅಮ್ಮನನ್ನು ಕೇಳಿದೆ. ಕುಮಟಾದಲ್ಲಿರುವ ದೊಡ್ಡತ್ತೆಗೆ ಒಂದು ಕೊಟ್ಟಿದ್ದರಂತೆ! ಭಾನುವಾರ ಹೋಗಿ ತಂದೆ. ದೇವರ ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅದರ ಅಂಚಿನ ಕಡೆ ಕೆಟ್ಟಿದೆ, ನಡುವೆ ಚೆನ್ನಾಗಿದೆ. ಸಿಎಂಪಿ ಮಾಡಿದೆ, ವ್ಯತ್ಯಾಸವಿಲ್ಲ. ಇಪ್ಪತ್ತು ನಿಮಿಷದೊಳಗೆ ಉಳಿದದ್ದು ಸೊನ್ನೆಗೆ ಬಂತು.

ಐಎಸ್‌ಒವನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿದ್ದೇನೆ, ಎರಡರಲ್ಲೂ ಎಸ್‌ಎಚ್‌ಎ256 ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆಯಾಗಿದೆ. ಒಂದು ದೊಡ್ಡತ್ತೆಯ ಮನೆಗೆ ಹೋಗುತ್ತದೆ. ನಿನ್ನೆ ರಾತ್ರಿ ಅಮ್ಮ, ನಾನು ಕೂತು ಪೂರ್ತಿ ನೋಡಿದೆವು. ಅಂಬೆಗೆ ಅಜ್ಜ ಕೊಟ್ಟ ಉತ್ತರ ಒಂದಕ್ಷರವೂ ಬಿಡದೆ ಕೇಳಿಸಿತು.